ಹಾಲು ಉಕ್ಕಿದರೂ ಬಿಡದ ಬ್ರೇಕು

ಹಾಲು ಹೊತ್ತಿದ ವಾಸನೆ ಬಂದರೆ ಈಗಲೂ ನನಗೆ ಸವದತ್ತಿಯ ನಮ್ಮ ಅಂಗಳ, ಅಪ್ಪನ ಬೈಕು ನೆನಪಾಗುತ್ತವೆ.

ನನ್ನ ಚಿಕ್ಕಂದಿನ ಒಂದು ಸಂಜೆ. ಮರುದಿನ ಅಪ್ಪ, ಅವ್ವ, ನಾನು ಮೂವರೂ ಬೈಕಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಿತ್ತು. ಬೈಕಿನ ಮುಂದಿನ ಬ್ರೇಕು ಮಾತ್ರ ಒತ್ತಿದರೆ ಬೆಣ್ಣೆಯ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಬ್ರೇಕಿನ ಆಯಿಲ್ ಪೈಪಿನಲ್ಲಿ ಗಾಳಿ ಸೇರಿದೆ, ಅದನ್ನು ಹೊರಗೆ ತೆಗೆಯಬೇಕು ಎಂದು ಅಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಚಕ್ರದ ಪಕ್ಕ ಕುಳಿತ. ಅಲ್ಲಿನ ಸಣ್ಣ ನಟ್ಟಿಗೆ ಸಿಕ್ಕಿಸಿದ ನಳಿಗೆಯ ಇನ್ನೊಂದು ತುದಿ ನನ್ನ ಕೈಯ ಬಾಟಲಿಯಲ್ಲಿತ್ತು. ಬ್ರೇಕು ಒತ್ತುವ ಕೆಲಸ ಅವ್ವನದು.

"ಒತ್ತಿ ಹಿಡಿ. ನಾ ನಟ್ ಬಿಗಿ ಮಾಡೂತನಕಾ ಬಿಡಬ್ಯಾಡ," ಎಂದು ಅಪ್ಪ ನಟ್ಟು ಸಡಿಲಿಸಿದ. ಪೈಪಿನೊಳಗಿನ ಗಾಳಿ ನಳಿಗೆಯಿಂದ ಹೊರಬಂದು ಬಾಟಲಿಯ ಆಯಿಲ್‌ನಲ್ಲಿ ಗುಳ್ಳೆಗಳೆದ್ದವು.

ಅಷ್ಟರಲ್ಲಿ ಅವ್ವ, "ಒಳಗ ಹಾಲು ಉಕ್ಕಾಕತ್ತೈತ್ರಿ," ಅಂದಳು.

"ಉಕ್ಕಲಿ. ಈಗ ಕೈ ಬಿಟ್ಟರ ಮತ್ತ ಗಾಳಿ ಒಳಗ ಹೋಗತೈತಿ."

ಮೂವರೂ ಅಡುಗೆಮನೆಯತ್ತ ಕತ್ತು ತಿರುಗಿಸಿ ಹಾಗೇ ಇದ್ದೆವು. ಹಾಲೆಲ್ಲ ಒಲೆಯ ಪಾಲಾಯಿತು. ಅವ್ವ ಕೈ ಬಿಡಲಿಲ್ಲ.

ಆಮೇಲೆ ಹಾಲಿಲ್ಲದ ಚಹಾ ಕುಡಿಯುತ್ತ ಅಪ್ಪ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ನೋಡಿದ. ಗಟ್ಟಿಯಾಗಿತ್ತು.

ಪ್ರತಿ ಸಲ ಗುಡ್ಡ ಇಳಿಯುವಾಗ ಅಪ್ಪನ ಭುಜ ಬಿಗಿಯಾಗಿ ಹಿಡಿದು "ಸಾವಕಾಶ ಹೋಗ್ರಿ" ಅನ್ನುತ್ತಿದ್ದ ಅವ್ವ, ಮರುದಿನ ಇಳಿಜಾರಿನ ತಿರುವಿನಲ್ಲಿ ಎರಡೂ ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು.