ಸೈದಪ್ಪನ ಪರೀಕ್ಷೆ

ಆ ಬೆಳಿಗ್ಗೆ ಠಾಣೆ ನಗರದ ಕೋರ್ಟಿನ ಹಿಂಬದಿಯ ಕೋಣೆಯಲ್ಲಿ ತುರ್ತಾಗಿ ಇತ್ಯರ್ಥವಾಗಬೇಕಿದ್ದ ಮಹತ್ವದ ವಿಷಯ ಫ್ಯಾನಿನದು. ಐದಕ್ಕಿಟ್ಟರೆ ಗುಮಾಸ್ತರ ಕಾಗದಗಳು ಹಾರುತ್ತಿದ್ದವು. ಮೂರಕ್ಕಿಳಿಸಿದರೆ ಹವಾಲ್ದಾರ ಬೆವರುತ್ತಿದ್ದ. ಇಬ್ಬರೂ ತಂತಮ್ಮ ವಾದ ಮಂಡಿಸಿ, ಮನೋವೈದ್ಯೆ ಡಾ. ಸ್ವರ್ಣಲತಾ ಅವರ ತೀರ್ಪಿಗೆ ಕಾದರು.

"ಆರಿಸಿಬಿಡಿ," ಎಂದರು ಸ್ವರ್ಣಲತಾ. "ಇವರಿಗೆ ನನ್ನ ಮಾತೇ ಕೇಳಿಸ್ತಾ ಇಲ್ಲ."

ಇವರು ಎಂದರೆ ಎದುರಿನ ಬೆಂಚಿನಲ್ಲಿ ಕೂತಿದ್ದ ಸೈದಪ್ಪ. ಭಿವಂಡಿಯ ಗೋದಾಮಿನಲ್ಲಿ ಹಮಾಲ, ಊರು ಕಲಬುರಗಿ ಕಡೆ. ಗೋಣಿ ಎತ್ತುವ ಕೊಕ್ಕೆಯಿಂದ ಹಮಾಲರ ಮೇಸ್ತ್ರಿಯಾದ ಮುಕಾದಮನ ತಲೆ ಒಡೆದಿದ್ದ. ಮುಕಾದಮ ಬದುಕಿಕೊಂಡ, ಕೇಸು ಕೊಲೆಯತ್ನದ್ದಾಯಿತು. ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅವನ ವಕೀಲ ಅರ್ಜಿ ಹಾಕಿದ್ದ. ಸ್ವರ್ಣಲತಾ ಹೌದೆಂದು ಬರೆದರೆ ಆಸ್ಪತ್ರೆ, ಇಲ್ಲವೆಂದು ಬರೆದರೆ ವಿಚಾರಣೆ, ಆಮೇಲೆ ಬಹುಪಾಲು ಜೈಲು.

ಇಷ್ಟು ವರ್ಷಗಳಲ್ಲಿ ಅವರು ಹುಚ್ಚರನ್ನು ನೋಡಿದ್ದಕ್ಕಿಂತ ಹುಚ್ಚಿನ ನಟರನ್ನು ನೋಡಿದ್ದೇ ಹೆಚ್ಚು. ಕಲ್ಯಾಣದ ಚಿಟ್‌ಫಂಡಿನವನೊಬ್ಬ ಅವರ ಮುಂದೆಯೇ ಸೋಪು ತಿಂದಿದ್ದ. ಡೊಂಬಿವಲಿಯ ಬಿಲ್ಡರೊಬ್ಬ ಅರ್ಧ ಗಂಟೆ ಗೋಡೆಯ ಜೊತೆ ಮಾತಾಡಿದ್ದ. ಚದರಡಿಯ ರೇಟು ಮಾತ್ರ ಗೋಡೆಗೂ ಇಳಿಸಿರಲಿಲ್ಲ. ಮೊದಮೊದಲು ಸ್ವರ್ಣಲತಾ ಅವರಿಗೆ ಸಿಟ್ಟು ಬರುತ್ತಿತ್ತು. ಈಗ ಆಕಳಿಕೆ ಬರುತ್ತಿತ್ತು.

ಒಳಗೆ ಬರುವ ಮೊದಲು ಸೈದಪ್ಪನ ವಕೀಲ ರಿತೇಶ್, ಸ್ವರ್ಣಲತಾ ಅವರನ್ನು ಹಿಡಿದು ನಿಲ್ಲಿಸಿದ್ದ. ಕೋಪರಿಯಲ್ಲಿ ಅವರದೇ ಕಟ್ಟಡದಲ್ಲಿ ಆಡಿ ಬೆಳೆದ ಹುಡುಗ. ಬಡವರಿಗೆ ಸರ್ಕಾರ ಕೊಡುವ ವಕೀಲ.

"ಆಂಟಿ, ಸಚ್ ಮೇ ಪಾಗಲ್ ಹೈ ವೋ."

"ಕೋರ್ಟಲ್ಲಿ ನಾನು ನಿನ್ನ ಆಂಟಿ ಅಲ್ಲ ಮಾರಾಯ. ಹುಚ್ಚ ಅಂತ ನಿನಗೆ ಹೇಗೆ ಗೊತ್ತು?"

"ಮುಕಾದಮ ಬೈದ ಅಂತಾನೆ. ಆದ್ರೆ ಮುಕಾದಮನ ಬಾಯಲ್ಲಿ ಪಾನ್ ಇತ್ತು, ಒಂದು ಮಾತೂ ಆಡಿಲ್ಲ. ಎಲ್ಲ ಸಾಕ್ಷಿಗಳೂ ಹಾಗೇ ಹೇಳ್ತಾರೆ."

"ಸಾಕ್ಷಿಗಳು ಯಾರ ಕಡೆಯವರು?"

ರಿತೇಶ್ ಟೈ ಸರಿಮಾಡಿಕೊಂಡ. "ಮುಕಾದಮ್ ಕೇ ಆದಮೀ. ಅವನ ಕಡೆಯವರೇ."

"ಮನೆಯವರು?"

"ಹೆಂಡತಿ ಬಾಯೇ ಬಿಡಲ್ಲ. ನಮ್ಮವ್ರು ಶಾಣ್ಯಾ ಅದಾರ ಅಂತಾಳೆ, ಬಸ್. ಯಾರೂ ಹೆಲ್ಪ್ ಮಾಡಲ್ಲ, ಆಂಟಿ."

ಈಗ ಕೋಣೆಯಲ್ಲಿ ಫ್ಯಾನು ಗೊರಗೊರನೆ ನಿಂತಿತು. ಹವಾಲ್ದಾರ ಟೋಪಿ ತೆಗೆದು ಮುಖಕ್ಕೆ ಗಾಳಿ ಹಾಕಿಕೊಂಡ.

"ಇವತ್ತು ಯಾವ ವಾರ?" ಎಂದು ಕೇಳಿದರು ಸ್ವರ್ಣಲತಾ.

ಸೈದಪ್ಪ ತಲೆ ಸ್ವಲ್ಪ ವಾರೆ ಮಾಡಿದ. ಕಾದ. "ಮಂಗಳವಾರ್ರೀ."

ಸರಿ.

"ಮುಖ್ಯಮಂತ್ರಿ ಯಾರು?"

ಮತ್ತೆ ಅದೇ ಮೌನ. ಈಗ ಫ್ಯಾನಿನ ಸದ್ದಿನ ನೆವವೂ ಇರಲಿಲ್ಲ. "ಯಾವ ರಾಜ್ಯದ್ರೀ? ನಮ್ಮ ಕಡೀದೋ, ಇಲ್ಲೀದೋ?"

ಸ್ವರ್ಣಲತಾ ನಕ್ಕುಬಿಟ್ಟರು. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

"ಯಾರೂ ಇಲ್ಲದಾಗ ಯಾರಾದರೂ ಮಾತಾಡಿದ ಹಾಗೆ ಕೇಳಿಸುವುದುಂಟಾ?"

ಈ ಸಲ ಮೌನ ಉದ್ದವಾಯಿತು. ಸೈದಪ್ಪನ ದವಡೆ ಬಿಗಿಯಿತು. "ಇಲ್ರಿ."

"ಮತ್ತೆ ಅವನಿಗೆ ಯಾಕೆ ಹೊಡೆದದ್ದು?"

"ಬೈದಾನ್ರೀ."

"ಏನಂತ?"

"ಹೆಣ್ಮಕ್ಕಳ ಮುಂದ ಆಡೂ ಮಾತಲ್ರೀ ಅದು."

ಸ್ವರ್ಣಲತಾ ಪೆನ್ನಿನ ಮುಚ್ಚಳ ತೆಗೆದರು. ಆ ಮೌನಗಳ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಜಕ್ಕೆ ಹೊತ್ತು ಬೇಡ, ಸುಳ್ಳಿಗೆ ಬೇಕು. ಪ್ರತಿ ಪ್ರಶ್ನೆಗೂ ಈತ, ವಕೀಲ ಹೇಳಿಕೊಟ್ಟ ಹುಚ್ಚಿನ ಉತ್ತರ ಹುಡುಕುತ್ತಿದ್ದ, ಸಿಗದೆ ಸರಿಯಾದದ್ದನ್ನೇ ಹೇಳಿಬಿಡುತ್ತಿದ್ದ. ಸೋಪು ತಿಂದವನಿಗಿದ್ದ ಪ್ರತಿಭೆ ಇವನಿಗಿರಲಿಲ್ಲ. ಮನಸ್ಸು ಸ್ವಸ್ಥವಾಗಿದೆ, ಆರೋಪ ಅರ್ಥವಾಗುತ್ತದೆ, ವಿಚಾರಣೆ ಎದುರಿಸಬಲ್ಲ ಎಂದು ಬರೆದು ನ್ಯಾಯಾಧೀಶರಿಗೆ ಒಪ್ಪಿಸಿದರು.

"ನಿನ್ನ ಪಾಠ ಸಾಲದಾಯ್ತು," ಎಂದರು ರಿತೇಶನಿಗೆ.

"ನಾನೇನೂ ಹೇಳಿಕೊಟ್ಟಿಲ್ಲ ಆಂಟಿ. ಗಾಡ್ ಪ್ರಾಮಿಸ್."

"ವಕೀಲರ ಪ್ರಾಮಿಸು," ಎಂದು ಹೇಳಿ ಸ್ವರ್ಣಲತಾ ಹೊರಬಿದ್ದರು.

ಮೆಟ್ಟಿಲ ಬಳಿ ಒಬ್ಬ ಹೆಂಗಸು ತಟ್ಟನೆ ಅವರ ಕಾಲಿಗೆ ಬಿದ್ದಳು. ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು, ಸೆರಗಿನಲ್ಲಿ ಸಿಮೆಂಟು. ಸೈದಪ್ಪನ ಹೆಂಡತಿ ಮರಗಮ್ಮ.

"ಏಳಿ ಏಳಿ. ನಿಮ್ಮ ಗಂಡನಿಗೆ ಜೈಲೇ ಆಗ್ತದೆ ಅಮ್ಮ. ಹಾಗೆ ಬರೆದದ್ದು ನಾನೇ."

"ವಕೀಲಪ್ಪ ಹೇಳ್ದ್ರೀ. ಪಾಸ್ ಮಾಡಿದ್ರಿ. ನಿಮಗ ಪುಣ್ಯಾ ಬರ್ಲಿ ಡಾಕ್ಟ್ರಬಾಯಿ."

ಅತ್ತಿತ್ತ ನೋಡಿ ಮುಷ್ಟಿ ಬಿಚ್ಚಿದಳು. ಒಳಗೆ ಗುಳಿಗೆಯ ಖಾಲಿ ಹಾಳೆ. ಆ ಗುಳಿಗೆಯನ್ನು ಸ್ವರ್ಣಲತಾ ದಿನವೂ ಬರೆಯುತ್ತಿದ್ದರು, ಇಲ್ಲದ ಧ್ವನಿಗಳು ಕೇಳಿಸುವವರಿಗೆ.

"ಕಲಬುರಗಿ ದವಾಖಾನಿದ್ರೀ ಇದು. ಗುಳಗಿ ಮುಗುದ ಮ್ಯಾಲೇ ಅವ್ರು ಕೊಕ್ಕಿ ಹಿಡಿದದ್ದು. ವಾರ ಯಾವುದು, ಮುಖ್ಯಮಂತ್ರಿ ಯಾರು, ಅಲ್ಲೂ ಇದನ್ನೇ ಕೇಳ್ತಿದ್ರು, ನಾ ಬಾಜೂಕೇ ಕುಂತಿರ್ತಿದ್ದೆ. ಜೈಲಿಗಿ ಭೆಟ್ಟಿಗಿ ಹ್ವಾದಾಗೆಲ್ಲಾ ಬಾಯಿಪಾಠ ಮಾಡ್ಸೀನಿ. ಯಾವ ರಾಜ್ಯದ್ದು ಅಂತ ಕೇಳ್ರಿ, ನಗ್ತಾರ, ಮುಂದ ಕೆದಕಂಗಿಲ್ಲ ಅಂದಿದ್ದೆ. ಕಿವ್ಯಾಗ ಬೈಯೋರು ಸುಮ್ಮಗಾಗೋ ತನ ಬಾಯಿ ತೆರೀಬ್ಯಾಡ್ರಿ ಅಂದಿದ್ದೆ."

ನ್ಯಾಯಾಧೀಶರ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಸ್ವರ್ಣಲತಾ ಆ ಕಡೆ ತಿರುಗಿದರು. ಮರಗಮ್ಮ ಅವರ ಕೈ ಹಿಡಿದಳು.

"ಬ್ಯಾಡ್ರೀ ಯವ್ವಾ. ನಮ್ಮ ಮಗಳು ಜ್ಯೋತಿಗಿ ಗಂಡು ಗೊತ್ತಾಗ್ಯಾದ. ಅಪ್ಪ ಜೈಲಿನ್ಯಾಗ ಹಾನ ಅಂದ್ರ, ಗಂಡಸು, ಹೊಡದಾಡಿರ್ತಾನ ಅಂತ ಬಿಡ್ತಾರ. ಹುಚ್ಚ ಅಂದ್ರ ರಕ್ತದಾಗೇ ಅದ ಅಂತಾರ. ಗುಳಗಿ ಬರದು ಕೊಡ್ರಿ, ಒಳಗ ಮುಟ್ಸಾಕ ಮಂದಿ ಅದಾರ. ಚೀಟಿ ಮ್ಯಾಲ ಅವ್ರ ಹೆಸರು ಬ್ಯಾಡ. ನಂದೂ ಬ್ಯಾಡ."

ಸ್ವರ್ಣಲತಾ ಬಾಗಿಲಿಗೆ ಬೆನ್ನು ಮಾಡಿದರು. ಆಮೇಲೆ ಚೀಲದಿಂದ ಚೀಟಿ ತೆಗೆದು, ರೋಗಿಯ ಹೆಸರು ಎಂದಿದ್ದ ಕಡೆ ಸ್ವರ್ಣಲತಾ ಎಂದು ಬರೆದರು.

ಸೈದಪ್ಪನಿಗೆ ಏಳು ವರ್ಷ ಜೈಲಾಯಿತು. ಜ್ಯೋತಿಯ ಮದುವೆಯಾಯಿತು.