ಎರವಲು ಮೊಸಳೆ

ಲೆಮ್ ತನ್ನ ಕೈಯಲ್ಲಿದ್ದ ಕೊನೆಯ ಕಾರ್ಡನ್ನು ಮೇಜಿನ ಮೇಲಿಟ್ಟ ಕೂಡಲೇ ಡೆಲ್ಫಿನ್‌ಗೆ ತನ್ನ ಸೋಲು ಕಣ್ಣಿಗೆ ಕಟ್ಟಿತು. ಬೆಂಕಿಮೊಸಳೆ. ಮುಂದಿನ ಸರದಿಯಲ್ಲಿ ಅದು ಒಮ್ಮೆ ಬಾಯಿ ಹಾಕಿದರೆ ಫೈನಲ್ ಪಂದ್ಯ ಮುಗಿದಂತೆ. ಹೊಟ್ಟೆ ಉರಿಯುವ ಸಂಗತಿ ಅದಲ್ಲ. ಆ ಮೊಸಳೆ ಡೆಲ್ಫಿನ್‌ನದೇ.

ಮರಿಕಿನಾ ಊರಿನ ಈ ಕಾರ್ಡಾಟದ ಅಂಗಡಿಯಲ್ಲಿ ಟೂರ್ನಮೆಂಟಿನ ಬೆಳಿಗ್ಗೆ ಯಾರ ಕಾರ್ಡಿನ ಕಟ್ಟಿಗೆ ಏನು ಕಮ್ಮಿಯೋ ಅದನ್ನು ಇನ್ನೊಬ್ಬರು ಕೊಡುವುದು, ಸಂಜೆ ಇಸಿದುಕೊಳ್ಳುವುದು ನಡೆದು ಬಂದ ರೂಢಿ. ಲೆಮ್‌ಗೆ ಒಂದು ಕಾರ್ಡು ಕಮ್ಮಿ ಬಿದ್ದಾಗ ಡೆಲ್ಫಿನ್ ದೊಡ್ಡ ಮನಸ್ಸು ಮಾಡಿದ್ದ. "ನಿನ್ನ ಎಣ್ಣೆ ಕೈ ತಾಗಿಸಬೇಡ" ಎಂದು ತಾನೇ ಮೊಸಳೆಯನ್ನು ಅವನ ಕಾರ್ಡಿಗೆ ತೊಡಿಸುವ, ಹಿಂಬದಿ ಕಪ್ಪಾದ ಪ್ಲಾಸ್ಟಿಕ್ ಕವರಿಗೆ ತೂರಿಸಿಕೊಟ್ಟಿದ್ದ. ಈ ಪೆದ್ದ ಮಧ್ಯಾಹ್ನದ ಊಟಕ್ಕೆ ಮೊದಲೇ ಸೋತು ಮನೆಗೆ ಹೋಗುತ್ತಾನೆ ಎಂಬ ಧೈರ್ಯ ಅವನಿಗೆ. ಆ ಮೊಸಳೆ ಡೆಲ್ಫಿನ್‌ಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾತ್ರ ಒಂದೊಂದು ಸಲ ಒಂದೊಂದು ಕಥೆ ಹುಟ್ಟುತ್ತಿತ್ತು. ಹೇಳಿ ಹೇಳಿ, ಯಾವುದು ನಿಜವೆಂದು ಅವನಿಗೇ ಮರೆತುಹೋಗಿತ್ತು.

ಗೆದ್ದವರಿಗೆ ಸೆಬುವಿನಲ್ಲಿ ನಡೆಯುವ ರಾಷ್ಟ್ರಮಟ್ಟದ ಪಂದ್ಯಕ್ಕೆ ವಿಮಾನದ ಟಿಕೆಟ್. ವರ್ಷ ವರ್ಷವೂ ಫೈನಲ್‌ವರೆಗೆ ಬಂದು ಮಕಾಡೆ ಮಲಗುವ ಡೆಲ್ಫಿನ್‌ಗೆ ಅಂಗಡಿಯವರು 'ಎರಡನೇ ಡೆಲ್ಫಿನ್' ಎಂದು ಹೆಸರಿಟ್ಟಿದ್ದರು. ಮೊದಲನೇ ಡೆಲ್ಫಿನ್ ಅಂತ ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಬೂಟಿಗೆ ಅಟ್ಟೆ ಅಂಟಿಸುತ್ತ ಕೂತಾಗಲೂ ಆ ಹೆಸರು ಅವನ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಈ ಸಲವೂ ಅದೇ ಆಗುತ್ತದೆಯೇ ಎಂದು ನೆನೆದು ಅವನಿಗೆ ಅಳು ಬಂದಂತಾಯಿತು.

"ಲೆಮ್, ಆ ಮೊಸಳೆ ನಂದಲ್ವೇನೋ?"

"ಹೌದು ಕುಯಾ." ಅಲ್ಲಿನವರು ಅಣ್ಣನನ್ನು ಕರೆಯುವುದು ಹಾಗೆ. " ಬೆಳಿಗ್ಗೆ ನೀವೇ ಕೊಟ್ರಲ್ಲ."

"ವಾಪಸ್ ಕೊಡು."

ಸುತ್ತ ನಿಂತವರು ನಕ್ಕರು. ಡೆಲ್ಫಿನ್ ಚಾಚಿದ ಕೈ ಹಿಂದೆ ತೆಗೆಯದಿದ್ದಾಗ ನಗು ತಾನಾಗಿ ನಿಂತಿತು.

"ಈಗ್ಲೇ?" ಎಂದ ಲೆಮ್.

"ಈಗ್ಲೇ. ನನ್ನ ವಸ್ತು, ನನ್ನ ಇಷ್ಟ."

ತೀರ್ಪು ಹೇಳಬೇಕಾದವಳು, ಎಲ್ಲರೂ 'ತೀತಾ', ಅಂದರೆ ಚಿಕ್ಕಮ್ಮ, ಎನ್ನುವ ಅಂಗಡಿಯ ಒಡತಿ ತೀತಾ ಚಾರಿ. ಪಾಕದಲ್ಲಿ ಕರಿದ ಬಾಳೆಹಣ್ಣನ್ನು ಕಡ್ಡಿಯಿಂದ ಕಚ್ಚಿ ತಿನ್ನುತ್ತಿದ್ದವಳು ಅದನ್ನು ನುಂಗಿ, ಸಾವಕಾಶವಾಗಿ ಬಾಯಿ ಒರೆಸಿಕೊಂಡಳು. "ವಸ್ತು ಯಾರದೋ ಅವರು ಕೇಳಿದ್ರೆ ಕೊಡ್ಬೇಕಪ್ಪ. ಕೊಟ್ರೆ ಲೆಮ್ ಕಟ್ಟಿಗೆ ಒಂದು ಕಾರ್ಡು ಕಮ್ಮಿ. ಕಮ್ಮಿ ಇದ್ರೆ ಸೋಲು. ಡೆಲ್ಫಿನ್, ಒಂದ್ಸಲ ಯೋಚ್ನೆ ಮಾಡು."

"ಮಾಡಾಯ್ತು."

"ಥೂ, ಮಾನಗೆಟ್ಟೋನೆ" ಎಂದು ಹಿಂದಿನಿಂದ ಯಾರೋ ಅಂದರು. ಡೆಲ್ಫಿನ್ ಕೇಳಿಸದವನಂತೆ ಕೂತ. ಮಾನ ಹೋದರೆ ಹೋಗಲಿ, ಸೆಬುವಿನಲ್ಲಿ ತನ್ನನ್ನು ಬಲ್ಲವರು ಯಾರಿದ್ದಾರೆ ಎಂದು ಅವನ ಲೆಕ್ಕ.

ಲೆಮ್ ಮೊಸಳೆಯನ್ನು ಕವರಿನಿಂದ ಬಿಡಿಸಿದ. "ಕಾರ್ಡು ನಿಮ್ದು, ಕವರು ನಂದು" ಎಂದು ಬರೀ ಕಾರ್ಡನ್ನು ಕೊಟ್ಟ. ಡೆಲ್ಫಿನ್ ಅದನ್ನು ಗೆದ್ದ ಗತ್ತಿನಲ್ಲಿ ಮೇಜಿಗೆ ಬೋರಲು ಬಡಿದ. ತೀತಾ ಚಾರಿ ಗೆದ್ದವನೆಂದು ಅವನ ಕೈ ಎತ್ತಿ ಹಿಡಿಯುವಷ್ಟರಲ್ಲಿ ಲೆಮ್ ಮತ್ತೆ ಬಾಯಿ ತೆರೆದ.

"ಅಂದ ಹಾಗೆ ಕುಯಾ, ನಿಮ್ಮ ಕಟ್ಟಿಗೆ ಹಾಕಿರೋ ಕವರೂ ನಂದೇ. ನಿಮ್ಮವು ಜಿಗುಟು ಜಿಗುಟು ಅಂತ ಬೆಳಿಗ್ಗೆ ಇಸ್ಕೊಂಡ್ರಲ್ಲ."

"ಸಂಜೆ ಕೊಡ್ತೀನಿ."

"ಈಗ್ಲೇ ಕೊಡಿ."

"ವಸ್ತು ಯಾರದೋ..." ಎಂದು ತೀತಾ ಚಾರಿ ರಾಗ ಎಳೆದಳು. ಕವರಿಲ್ಲದ ಕಟ್ಟು ಆಟಕ್ಕಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಡೆಲ್ಫಿನ್ ಹಲ್ಲು ಕಚ್ಚಿಕೊಂಡು, ಇದ್ದ ಕಾರ್ಡನ್ನು ಇದ್ದ ಜಾಗದಲ್ಲೇ ಬಿಟ್ಟು, ಒಂದೊಂದೇ ಕವರು ಕಳಚತೊಡಗಿದ. ಅಷ್ಟರಲ್ಲಿ ಯಾರೋ ಅವನ ಕಾರ್ಡುಗಳ ಕೆಳಗಿದ್ದ ರಬ್ಬರ್ ಹಾಸನ್ನು ಮೆಲ್ಲಗೆ ಎಳೆದುಕೊಂಡರು. "ಇದು ನಂದು ಕುಯಾ." ಇನ್ನೊಂದು ಕೈ ಬಂದು ದಾಳ ಎತ್ತಿಕೊಂಡಿತು. "ನನ್ನ ತಂಗೀದು."

"ತಗೊಳ್ರೋ. ನನ್ನ ಚಡ್ಡಿಯೂ ನಿಮ್ದೇನಾ ನೋಡ್ಕೊಳ್ಳಿ" ಎಂದ ಡೆಲ್ಫಿನ್. "ಇಬ್ರದೂ ಕಟ್ಟು ಕೆಟ್ಟಿತಲ್ಲ. ಹೊಸದಾಗಿ ಆಡೋಣ. ನನ್ನ ಮೊಸಳೆ ನನ್ನ ಹತ್ರ ಇರುತ್ತೆ, ಅಷ್ಟು ಸಾಕು ನಂಗೆ."

ತೀತಾ ಚಾರಿ ಬೋರಲು ಬಿದ್ದಿದ್ದ ಮೊಸಳೆಯತ್ತ ಬಗ್ಗಿ ನೋಡುತ್ತಿದ್ದಳು. ಅದರ ಬೆನ್ನಿಗೆ ಅರ್ಧ ಹರಿದ ಬೆಲೆಚೀಟಿ ಅಂಟಿತ್ತು. ಅದರ ಮೇಲೆ ಹಸಿರು ಶಾಯಿ.

"ಡೆಲ್ಫಿನ್, ಇದು ನನ್ನ ಕೈಬರಹ."

ಡೆಲ್ಫಿನ್‌ಗೆ ಮರೆತಿದ್ದ ನಿಜವಾದ ಕಥೆ ಈಗ ನೆನಪಾಯಿತು.

"ನೀನೇ ನನ್ನ ಗಾಜಿನ ಪೆಟ್ಟಿಗೆಯಿಂದ 'ಒಂದಾಟ ಆಡಿ ನೋಡಿ ಕೊಡ್ತೀನಿ ತೀತಾ' ಅಂತ ತಗೊಂಡು ಹೋಗಿದ್ದೆ. ನಾನು ಪೆಟ್ಟಿಗೆ ತಿರುವಿ ತಿರುವಿ ಹುಡುಕಿ ಸತ್ತೆ ಕಣೋ."

"ಕೊಡೋಣ ಅಂತಾನೇ ಇದ್ದೆ..."

"ಇರ್ಲಿ. ವಾಪಸ್ ಕೇಳೋ ಹಕ್ಕು ನಂದು. ನಾನು ಕೇಳಿಲ್ಲ." ಅವಳು ಮೊಸಳೆಯನ್ನು ಎತ್ತಿ ಲೆಮ್‌ನ ಕವರಿಗೆ ಮತ್ತೆ ತೂರಿಸಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟಳು. "ಲೆಮ್ ಕಟ್ಟು ಸರಿಯಾಗಿದೆ. ಕವರಿಲ್ಲದೆ ಕೂತಿರೋದು ನೀನೊಬ್ನೇ. ಕವರು ತರ್ತೀಯೋ, ಎದ್ದು ಹೋಗ್ತೀಯೋ?"

ಡೆಲ್ಫಿನ್ ಸುತ್ತ ನೋಡಿದ. ಬೆಳಿಗ್ಗೆ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದ ಜನ ಈಗ ಒಬ್ಬೊಬ್ಬರಾಗಿ ಚಾವಣಿಯ ಫ್ಯಾನು ನೋಡತೊಡಗಿದರು. ಎದುರಿಗೆ ಲೆಮ್ ಮಾತ್ರ ಅವನನ್ನೇ ನೋಡುತ್ತಿದ್ದ. ಅವನ ಮುಂದೆ ಡೆಲ್ಫಿನ್ ಕಳಚಿಕೊಟ್ಟ ಕಪ್ಪು ಕವರುಗಳ ಗುಡ್ಡೆ.

"ಲೆಮ್" ಎಂದ ಡೆಲ್ಫಿನ್, ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಆ ಕವರು ಸ್ವಲ್ಪ ಕೊಡ್ತೀಯೇನೋ? ಆಟ ಮುಗಿಸೋವರೆಗೆ."

ಲೆಮ್ ಇಡೀ ಗುಡ್ಡೆಯನ್ನು ಅವನತ್ತ ತಳ್ಳಿದ.

"ಅದಕ್ಕೇನಂತೆ ಕುಯಾ, ತಗೊಳ್ಳಿ. ಸ್ವಲ್ಪ ಬೇಗ ಹಾಕಿ, ಮೊಸಳೆ ಹಸ್ಕೊಂಡಿದೆ."