ಒಪ್ಪಿಗೆಗೊಂದು ನಗು

ಹೆಣ್ಣಾಗುವ ಆಪರೇಷನ್ನಿಗೆ ಮನೋವೈದ್ಯರ ಒಪ್ಪಿಗೆ ಪತ್ರ ಬೇಕಿತ್ತು. ಕಳೆದ ಸಲ ರಂಜಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಸ್ಪತ್ರೆಯೇ ತೇಲಿಹೋಗುವಷ್ಟು ಅತ್ತಿದ್ದಳು. “ಮೊದ್ಲು ಮನಸ್ಸು ಸರಿ ಮಾಡ್ಕೊಂಡು ಬಾ, ಆಮೇಲೆ ನೋಡಣ,” ಎಂದು ಡಾಕ್ಟರು ವಾಪಸು ಕಳಿಸಿದ್ದರು.

“ಈ ಸಲನಾದ್ರೂ ಹಲ್ಲು ಬಿಟ್ಕೊಂಡು ಕೂತ್ಕೊಳ್ಳೇ, ಮೂದೇವಿ!” ಎಂದು ಅವಳನ್ನು ಸಾಕಿದ ಗುರುವಮ್ಮ ತಾಕೀತು ಮಾಡಿದ್ದಳು.

ಈಗ ಡಾಕ್ಟರ ಎದುರು ಕೂತ ರಂಜಿತಾಳಿಗೆ ಒಳಗೆಲ್ಲ ಮರಗಟ್ಟಿ ಹೋಗಿತ್ತು. ಅಳುವುದಕ್ಕೂ ಏನೂ ಉಳಿದಿರಲಿಲ್ಲ. ಆದರೂ ಅವಳು ನಕ್ಕ ನಗುವಿಗೆ ಗೋಡೆಯ ಗಡಿಯಾರವೇ ಒಂದು ಗಳಿಗೆ ನಿಂತು ನೋಡಿತು.

“ನಿದ್ದೆ ಬರುತ್ತಾ?”

“ಕುಂಭಕರ್ಣ ನಮ್ಮನೆಗೆ ಟ್ಯೂಷನ್ನಿಗೆ ಬರ್ತಾನೆ, ಸಾರ್.”

“ಸಾಯೋ ಯೋಚನೆ?”

“ಯಮನ ವಿಳಾಸಾನೇ ಮರ್ತೋಗಿದೆ, ಸಾರ್.”

ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಪೆನ್ನಿಗೆ ಮುಚ್ಚಳ ಹಾಕಿದರು.

“ಈಗಿರೋ ಹಾಗೇ ಇಷ್ಟು ಚೆನ್ನಾಗಿದ್ದೀಯಲ್ಲಪ್ಪ! ಮತ್ತೆ ಆಪರೇಷನ್ ಯಾಕೆ?”